ಮಂಗಟ್ಟೆಯ ಗೂಡಿಗೆ ತುತ್ತು ಮುಟ್ಟಿಸಿದ ಭಾಗವ್ವ

ಬೆಳಗಿನ ಆರೂಕಾಲು. ಕೆಂಗೇರಿ ಆಚೆಯ ಪುಟ್ಟ ಮೃಗಾಲಯದ ಹಕ್ಕಿಮನೆಯಲ್ಲಿ ಭಾಗವ್ವ ಪಪ್ಪಾಯಿಯ ಬುಟ್ಟಿ ಕೆಳಗಿಟ್ಟು, ಕಿವಿಗೊಟ್ಟು ನಿಂತಿದ್ದಾರೆ. ಆಲದ ಕೊಂಬೆಗೆ ಕಟ್ಟಿದ ಟೊಳ್ಳು ದಿಮ್ಮಿಯೊಳಗಿಂದ ಟಕ್, ಟಕ್, ಟಕ್ ಎಂದು ಸದ್ದು. ಮೂರು ತಿಂಗಳಿಂದ ಮುಚ್ಚಿದ್ದ ಗೂಡಿನ ಬಾಯಿಂದ ಒಣಮಣ್ಣಿನ ಹೆಂಟೆಯೊಂದು ಕಳಚಿ ಅವರ ಹೆಗಲ ಮೇಲೆ ಬೀಳುತ್ತದೆ. ಕೂಡಲೇ ಫೋನು ಹಚ್ಚುತ್ತಾರೆ: “ಡಾಕ್ಟ್ರ, ಲಗೂ ಬರ್ರಿ! ಒಳಗಿಂದ ಗ್ವಾಡಿ ಒಡ್ಯಾಕತ್ತಾಳ್ರೀ!”

ಒಡೆಯುತ್ತಿರುವವಳು ಹೆಣ್ಣು ದಾಸಮಂಗಟ್ಟೆ. ಕಪ್ಪು ಬಿಳಿ ಮೈ, ಬಾಳೆಹಣ್ಣಿನಂಥ ಹಳದಿ ಕೊಕ್ಕು, ಅದರ ಮೇಲೊಂದು ಟೋಪಿ. ಮೊಟ್ಟೆಯಿಡುವ ಹೊತ್ತಿಗೆ ಈ ಹಕ್ಕಿ ಪೊಟರೆಯೊಳಗೆ ಸೇರಿಕೊಂಡು, ಮಣ್ಣು, ಹಣ್ಣಿನ ತಿರುಳು, ಹಿಕ್ಕೆ ಕಲಸಿ ಬಾಗಿಲನ್ನೇ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಬೆರಳು ತೂರುವಷ್ಟು ಸೀಳು. ಅದರ ಮೂಲಕ ಗಂಡು ತಂದು ಕೊಟ್ಟರೆ ಊಟ ಉಂಟು, ಇಲ್ಲದಿದ್ದರೆ ಇಲ್ಲ.

ಇಲ್ಲಿ ಹಕ್ಕಿಗಳಿರುವ ಬಲೆಯೊಳಗೇ ನೋಡುವ ಜನರೂ ನಡೆದಾಡುತ್ತಾರೆ. ಹದಿನೆಂಟು ಜಾತಿಯ ಹಕ್ಕಿಗಳು. ದಿನಕ್ಕೆ ಮೂವತ್ತು ಕಿಲೋ ಹಣ್ಣು, ಹನ್ನೆರಡು ಕಿಲೋ ಮೀನು, ಭಾನುವಾರ ಬಂದರೆ ಎರಡು ಸಾವಿರ ಜನ. ಇಷ್ಟಕ್ಕೂ ಮುಖ್ಯ ಕೈ ಸುಂಕದಕಟ್ಟೆಯಿಂದ ಐದು ಗಂಟೆಗೇ ಮನೆ ಬಿಡುವ ನಲವತ್ತಾರರ ಭಾಗವ್ವನದು. “ಆಂಟಿ, ಆ ಟೂಕನ್ ಎಲ್ಲಿದೆ?” ಎಂದು ಹುಡುಗರು ಕೇಳಿದರೆ ಭಾಗವ್ವನಿಗೆ ತಡೆಯಲಾಗುವುದಿಲ್ಲ. “ಟೂಕನ್ ಪರದೇಶದ್ದೋ ತಮ್ಮಾ, ಇದು ಮಂಗಟ್ಟಿ. ನಮ್ಮ ಕಾಡಿಂದ. ಮದ್ಲ ಆ ಚಿಪ್ಸ್ ಒಳಗಿಡು!”

ಹುನಗುಂದದ ಕಡೆಯ ಭಾಗವ್ವ ಓದಿದ್ದು ನಾಲ್ಕನೆಯ ಇಯತ್ತೆ. ಹನ್ನೆರಡು ವರ್ಷದ ಹಿಂದೆ ಗಂಡ ಅಮರೇಶನ ಜೊತೆ ಗಾರೆ ಕೆಲಸಕ್ಕೆಂದು ಬಂದವರು, ಇದೇ ಹಕ್ಕಿಮನೆಯ ಕೊಳಕ್ಕೆ ಕಾಂಕ್ರೀಟು ಹೊತ್ತರು. ಕಟ್ಟಡ ಮುಗಿದರೂ ಅವರು ಹೋಗಲಿಲ್ಲ. ಕಸ ಗುಡಿಸಲು ಸೇರಿ, ಏಳು ವರ್ಷ ಪೊರಕೆ ಹಿಡಿದೇ ಹಕ್ಕಿ ನೋಡಿದರು. ಹಕ್ಕಿ ಪಾಲಕಿಯಾಗಿ ಈಗ ನಾಲ್ಕು ವರ್ಷ. “ಹೆಂಗಸು ಏಣಿ ಹತ್ತಬೇಕಾ ಅಂತ ನಕ್ಕಿದ್ರು. ಗಾರಿ ಬುಟ್ಟಿ ಹೊತ್ತು ಮೂರನೇ ಮಾಳಿಗಿಗೆ ಹತ್ತಿದಾಕಿ ನಾ. ಇದ್ಯಾವ ಏಣೀರೀ!” ಬಲಗೈಯಲ್ಲಿ ಕೊಕ್ಕರೆ ಕುಕ್ಕಿದ ಗಾಯದ ಗುರುತಿದೆ. ಮೂರು ಹೊಲಿಗೆ ಬಿದ್ದಿತ್ತು. ಮರುದಿನವೇ ಕೆಲಸಕ್ಕೆ ಬಂದಿದ್ದರು.

ಗೂಡು ಮುಚ್ಚಿದ ನಲವತ್ತೊಂದನೆಯ ದಿನ ಎದೆ ಒಡೆಯುವಂಥ ಪ್ರಸಂಗ ನಡೆಯಿತು. ಗಂಡು ಹಕ್ಕಿ ಬಲೆಯ ಕಂಬಕ್ಕೆ ಬಡಿದು ನೆಲಕ್ಕೆ ಬಿತ್ತು. ರೆಕ್ಕೆ ಮುರಿದಿತ್ತು. ಅದನ್ನು ಆಸ್ಪತ್ರೆಯ ಕೋಣೆಗೆ ಸಾಗಿಸಿದರು. ಇತ್ತ ಗೂಡಿನೊಳಗಿಂದ ಮರಿಯ ಕೀರಲು ದನಿ ಕೇಳತೊಡಗಿ ಆಗ ಐದೇ ದಿನವಾಗಿತ್ತು.

ಹಕ್ಕಿಮನೆಯ ಮೇಲ್ವಿಚಾರಕ ಗೋಪೀನಾಥ ಮಧ್ಯಾಹ್ನದವರೆಗೆ ಕಾದು ನೋಡಿ ಹೇಳಿದರು: “ಬೇರೆ ದಾರಿ ಇಲ್ಲ ಭಾಗವ್ವ. ಗೂಡು ಒಡೆದು ತೆಗೆದುಬಿಡೋಣ. ಮರಿ ಹೋದ್ರೂ ತಾಯಿ ಆದ್ರೂ ಉಳೀಲಿ.”

“ಒಂದ್ ದಿನ ತಡೀರಿ ಸಾರ್. ನಾ ತಿನ್ನಸ್ತೀನಿ.”

“ನಿಮ್ಮ ಕೈಯಿಂದ ಅದು ತಗೊಳ್ಳಲ್ಲ ಕಣ್ರೀ!”

“ನನ್ನ ಕೈ ಅಂತ ಅದಕ್ಕ ಯಾಕ ತಿಳೀಬೇಕ್ರೀ?”

ಮರುದಿನ ಸಂಜೆಯವರೆಗೆ ಸಮಯ ಸಿಕ್ಕಿತು. ಭಾಗವ್ವ ಬಿದಿರ ಕಡ್ಡಿಯ ತುದಿ ಸೀಳಿ ಅತ್ತಿಹಣ್ಣು ಸಿಕ್ಕಿಸಿದರು. ಏಣಿ ಹತ್ತಿದರು. ಗಂಡು ಬಂದಾಗಲೆಲ್ಲ ಗಂಟಲಲ್ಲೇ ಗೊಳಗೊಳ ಎನ್ನುವುದನ್ನು ನಲವತ್ತು ದಿನ ಕೇಳಿದ್ದರಲ್ಲ, ಅದೇ ದನಿ ತೆಗೆದರು. ಒಳಗಿಂದ ಉತ್ತರವಿಲ್ಲ. ಆ ದಿನ ಎಂಟು ಸಲ ಹತ್ತಿ ಇಳಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮರಿಯ ದನಿಯೂ ನಿಂತಿತು.

ಸಂಜೆ ಐದೂವರೆಗೆ ಗೋಪೀನಾಥ ಉಳಿ, ಸುತ್ತಿಗೆ ಹಿಡಿದು ಬಂದರು. ಭಾಗವ್ವ ಏಣಿಯಿಂದ ಇಳಿಯಲಿಲ್ಲ. ಕಡ್ಡಿಯನ್ನು ಇನ್ನೊಮ್ಮೆ ಸೀಳಿಗೆ ಚಾಚಿದರು. ಕೊಕ್ಕಿನ ತುದಿ ಹೊರಬಂತು. ಹಣ್ಣು ಮಾಯವಾಯಿತು! ಅರೆಗಳಿಗೆಯಲ್ಲಿ ಒಳಗಿಂದ ಮರಿಯ ಚೀರಾಟ. “ಏಣಿ ಮ್ಯಾಲ ಕುಣದಬಿಟ್ಟೆ ನೋಡ್ರಿ! ಕೆಳಗ ಸಾರ್ ಏಣಿ ಹಿಡ್ಕೊಂಡು ‘ಬೀಳ್ತೀರಾ, ಬೀಳ್ತೀರಾ’ ಅಂತ ಒದರಾಕತ್ತಿದ್ರು.”

ಅಲ್ಲಿಂದ ಇಪ್ಪತ್ತಾರು ದಿನ ಭಾಗವ್ವನೇ ಆ ಗೂಡಿನ ಯಜಮಾನ. ಅತ್ತಿ, ಪಪ್ಪಾಯಿ, ಬೇಯಿಸಿದ ಮೊಟ್ಟೆ, ಮಿಡತೆ; ಬೆಳಕಿರುವಷ್ಟು ಹೊತ್ತು ಗಂಟೆಗೊಮ್ಮೆ ಏಣಿ. ವಾರದ ರಜೆ ಒಂದನ್ನೂ ತೆಗೆದುಕೊಳ್ಳಲಿಲ್ಲ. ರೆಕ್ಕೆ ಕೂಡಿದ ಗಂಡು ಮರಳಿ ಬಂದು, ಏಣಿಯ ಮೇಲಿದ್ದ ಇವರನ್ನು ಕತ್ತು ಓರೆ ಮಾಡಿ ನೋಡಿತಂತೆ. “ನಿನ್ನ ಸಂಸಾರ ನೀ ನೋಡ್ಕೋಪಾ ಅಂತ ಇಳದ್ ಬಂದೆ.”

ಈಗ, ಬೆಳಗಿನ ಫೋನು ಕೇಳಿ ಮೃಗಾಲಯದ ವೈದ್ಯೆ ಸಿಂಚನಾ ಓಡಿ ಬಂದಿದ್ದಾರೆ, ಗೋಪೀನಾಥರೂ. ಸೀಳು ಅಗಲವಾಗುತ್ತದೆ, ಮಣ್ಣು ದಬದಬನೆ ಉದುರುತ್ತದೆ. ಮೊದಲು ತಾಯಿ, ಕೊಳೆಯಾದ ರೆಕ್ಕೆ ಕೊಡವಿಕೊಂಡು ಕೊಂಬೆಗೆ ಹಾರುತ್ತಾಳೆ. ಹತ್ತು ನಿಮಿಷ ಕಳೆದ ಮೇಲೆ ಟೋಪಿ ಇನ್ನೂ ಮೂಡದ ಮರಿ ಇಣುಕಿ, ತೂರಾಡಿ, ದಢಕ್ಕನೆ ಎದುರಿನ ಕೊಂಬೆಯ ಮೇಲೆ ಬಂದು ಕೂರುತ್ತದೆ. ಸಿಂಚನಾ ಭಾಗವ್ವನನ್ನು ತಬ್ಬಿಕೊಳ್ಳುತ್ತಾರೆ. “ಭಾಗಕ್ಕ, ಹೆಸರು ನೀವೇ ಇಡ್ಬೇಕು!”

“ಬ್ಯಾಡ್ರೀ. ಅದರವ್ವ ಕರೀಲಿ, ಸಾಕು.”

ನಿಮಗೇನು ಆಸೆ ಎಂದು ಕೇಳಿದರೆ ಭಾಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ. “ಒಂದಿನ ಟಿಕೀಟು ತಗೊಂಡು, ಚಲೋ ಸೀರಿ ಉಟ್ಕೊಂಡು, ಮಂದಿ ಜೋಡಿ ಒಳಗ ಬರ್ಬೇಕ್ರೀ. ಇವೆಲ್ಲಾ ನನ್ನ ಗುರ್ತಾ ಹಿಡಿತಾವೋ ಇಲ್ಲೋ ನೋಡ್ಬೇಕು. ಹಿಡೀಲಿಲ್ಲಂದ್ರೂ ಬ್ಯಾಸರಿಲ್ಲ. ಅವುಕ್ಕ ಹೊಟ್ಟಿ ತುಂಬೈತಿ ಅಂತ ತಿಳ್ಕೋತೀನಿ.”