ಅಪ್ಪ ಇರುವಾಗಲೇ ಬೋಳಾದ ತಲೆ

ಕೂದಲು ನೆಡುವ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ ಪ್ರಶ್ನೆಗಳಿಗೆ ಉತ್ತರ ಹೇಳುವುದು. ವಾಶಿ ಸ್ಟೇಷನ್ನಿನಿಂದ ಏಳು ನಿಮಿಷದ ನಡಿಗೆ. ಹತ್ತು ಗಂಟೆಗೆ ಐದು ನಿಮಿಷ ಇರುವಾಗ ನಾನು ಕುರ್ಚಿಯಲ್ಲಿ ಇರುತ್ತೇನೆ.

ಅದಕ್ಕೂ ಮೊದಲು ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಕೊನೆಯ ಹನ್ನೊಂದು ವರ್ಷ ವಾರ್ಡಿನ ಉಸ್ತುವಾರಿ ನನ್ನದೇ. ನಾನು ತರಬೇತಿ ಪಡೆದ ಶಾಲೆಯಲ್ಲಿ ದಿಂಬಿನ ಚೀಲದ ಬಾಯಿ ಬಾಗಿಲಿನ ಕಡೆಗೆ ಇದ್ದರೆ ಇಡೀ ಸಾಲಿನ ಹಾಸಿಗೆಗಳನ್ನು ಬಿಚ್ಚಿ ಮತ್ತೆ ಹಾಸಬೇಕಿತ್ತು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಹಾಗೆ ಬೆಳೆದವಳು ನಿವೃತ್ತಿಯ ನಂತರ ಕೋಪರಖೈರಣೆಯ ಮನೆಯಲ್ಲಿ ಸುಮ್ಮನೆ ಕೂರುವುದು ಹೇಗೆ? ಎರಡು ತಿಂಗಳಲ್ಲಿ ಅಡುಗೆಮನೆಯ ಕಪಾಟುಗಳನ್ನು ಮೂರು ಸಲ ಜೋಡಿಸಿದೆ. ನಾಲ್ಕನೆಯ ಸಲ ಕೈ ಹಾಕಿದಾಗ ಸೊಸೆ, “ಅತ್ತೆ, ನಿಮಗೊಂದು ಕೆಲಸ ಹುಡುಕುವ” ಎಂದಳು. ಸಿಟ್ಟಿನಿಂದಲೇ ಹೇಳಿದ್ದು. ಆದರೆ ಹುಡುಕಿಯೂ ಕೊಟ್ಟಳು.

ಕ್ಲಿನಿಕ್ಕಿನವರಿಗೆ ನಾನು ಬೇಕಾದದ್ದು ಬಿಳಿ ಕೂದಲಿಗಾಗಿ ಮತ್ತು ಭಾಷೆಗಾಗಿ. ಠಾಣೆಯಿಂದ ಡೊಂಬಿವಲಿಯವರೆಗೆ ಹೋಟೆಲು ನಡೆಸುವ ನಮ್ಮ ಉಡುಪಿ ಕಡೆಯ ಗಂಡಸರು ಬಹಳ ಮಂದಿ ಬರುತ್ತಾರೆ. ಡಾಕ್ಟರ ಹತ್ತಿರ ಹಿಂದಿಯಲ್ಲಿ ಧೈರ್ಯವಾಗಿ ಮಾತಾಡುತ್ತಾರೆ. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, ಕುರ್ಚಿ ಮುಂದಕ್ಕೆ ಎಳೆದು, ಕನ್ನಡದಲ್ಲೋ ತುಳುವಿನಲ್ಲೋ ನಿಜವಾದ ಪ್ರಶ್ನೆ ಕೇಳುತ್ತಾರೆ.

“ಇದು ಯಾರ ಕೂದಲು ಅಕ್ಕಾ?”

ನಿಮ್ಮದೇ. ತಲೆಯ ಹಿಂಭಾಗದ್ದು. ಅಲ್ಲಿಯದು ಸಾಮಾನ್ಯವಾಗಿ ಉದುರುವುದಿಲ್ಲ, ಅದಕ್ಕೇ ಅಲ್ಲಿಂದ ತೆಗೆದು ಮುಂದೆ ನೆಡುವುದು.

“ಇಡ್ಲಿ ಬೇಯಿಸುವ ಹಬೆಯ ಎದುರು ನಿಲ್ಲಬಹುದಾ?”

ಎರಡು ವಾರ ಬೇಡ.

“ಮಾತ್ರೆ ತಗೊಂಡ್ರೆ ಗಂಡಸುತನ ಹೋಗ್ತದಂತೆ, ಹೌದಾ?”

ಕೆಲವರಿಗೆ ಸ್ವಲ್ಪ ತೊಂದರೆ ಆಗುವುದುಂಟು, ಆದರೆ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ. ಈ ಉತ್ತರ ಕೇಳುವಾಗ ಎಲ್ಲರೂ ನೆಲ ನೋಡುತ್ತಾರೆ.

“ಹುಡುಗಿ ಕಡೆಯವರಿಗೆ ಗೊತ್ತಾಗ್ತದಾ?”

ಸರಿಯಾಗಿ ಮಾಡಿದರೆ ಗೊತ್ತಾಗುವುದಿಲ್ಲ. ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಕ್ಲಿನಿಕ್ಕಿನವರು ಇಂಥ ಪ್ರಶ್ನೆಗಳಿಗೆ ಉತ್ತರ ಬರೆದ ಹಾಳೆಯೊಂದನ್ನು ಕೊಟ್ಟಿದ್ದರು. ಮೊದಲ ವಾರದಲ್ಲೇ ಬಾಯಿಪಾಠ ಮಾಡಿದೆ. ಪ್ರತಿಯೊಬ್ಬನಿಗೂ ಇಪ್ಪತ್ತು ನಿಮಿಷ. ಇಪ್ಪತ್ತೊಂದನೆಯ ನಿಮಿಷಕ್ಕೆ ನಾನು ಪೆನ್ನಿನ ಮುಚ್ಚಳ ಹಾಕುತ್ತಿದ್ದೆ. ಎಬ್ಬಿಸಲು ಅಷ್ಟು ಸಾಕಿತ್ತು.

ನಾನು ಹೇಳಹೊರಟ ಮನುಷ್ಯ ಬಂದದ್ದು ಒಂದು ಸೋಮವಾರ. ವಯಸ್ಸು ಮೂವತ್ತಾರು. ರಬಾಳೆಯಲ್ಲಿ ಕಾರ್ಖಾನೆಗಳ ನಡುವೆ ಅಪ್ಪ ಕಟ್ಟಿದ ಹೋಟೆಲು, ಈಗ ಇವನು ನೋಡಿಕೊಳ್ಳುತ್ತಾನೆ. ಒಬ್ಬನೇ ಮಗ. ಮುಂದಲೆ ಪೂರ್ತಿ ಖಾಲಿ, ಹಿಂದೆ ದಟ್ಟ ಕೂದಲು. ಕೈಯಲ್ಲಿ ಬಿಸಿ ಬನ್ಸ್ ಕಟ್ಟಿದ ಪೊಟ್ಟಣ. “ಸ್ಟಾಫಿಗೆ” ಎಂದು ನನ್ನ ಮೇಜಿನ ಮೇಲೆ ಇಟ್ಟ. ಎಣ್ಣೆ ಹಾಳೆಗೆ ತಾಗುತ್ತದೆಂದು ನಾನು ಅದನ್ನು ಪಕ್ಕಕ್ಕೆ ಸರಿಸಿದೆ.

ಮೂರು ಕಡೆ ಹುಡುಗಿ ನೋಡಿ ಆಗಿತ್ತಂತೆ. ಮೂರನೆಯವಳು ಇಲ್ಲಿಯೇ ಹುಟ್ಟಿ ಬೆಳೆದವಳು. ವಿಡಿಯೋ ಕಾಲಿನಲ್ಲಿ ಇವನನ್ನು ನೋಡಿ, ಇವನಿಗೆ ಕೇಳುವಂತೆಯೇ ತಾಯಿಯನ್ನು ಕೇಳಿದಳಂತೆ: “ಮಮ್ಮಿ, ಲಡ್ಕಾ ಕಿಧರ್ ಹೈ? ಯೇ ತೋ ಅಂಕಲ್ ಹೈ.”

ಹುಡುಗ ಎಲ್ಲಿ, ಇವರು ಅಂಕಲ್ ಅಲ್ವಾ ಅಂತ. ಅದನ್ನು ಅವನು ನಗುತ್ತಲೇ ಹೇಳಿದ. ಆಮೇಲೆ ನಗು ನಿಲ್ಲಿಸಿ, “ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಅಕ್ಕಾ. ಹಾರ್ಟೂ ವೀಕ್. ಸೊಸೆ ಬಂದದ್ದನ್ನು ನೋಡಿ ಹೋಗಬೇಕು ಅಂತ ಒಂದೇ ಆಸೆ. ಎಷ್ಟು ತಿಂಗಳಲ್ಲಿ ಬೆಳೀತದೆ?” ಎಂದ.

ಒಂದು ತಿಂಗಳಲ್ಲಿ ನೆಟ್ಟದ್ದು ಉದುರುತ್ತದೆ, ಹೆದರಬಾರದು, ಬೇರು ಒಳಗೆ ಇರುತ್ತದೆ. ಮೂರು ನಾಲ್ಕು ತಿಂಗಳಿಗೆ ಚಿಗುರುತ್ತದೆ. ತುಂಬಿ ಕಾಣಲು ಒಂಬತ್ತರಿಂದ ಹನ್ನೆರಡು ತಿಂಗಳು.

ಅವನು ಬೆರಳು ಮಡಚುತ್ತಾ ಹೋದ. ಎಂಟನೆಯ ಬೆರಳಿನಲ್ಲಿ ನಿಂತ. ಅಷ್ಟರಲ್ಲಿ ಕ್ಲಿನಿಕ್ಕಿನ ಮ್ಯಾನೇಜರ್ ಅವನ ಭುಜದ ಮೇಲೆ ಕೈ ಇಟ್ಟು, “ಆರು ತಿಂಗಳು ಸರ್! ಮದುವೆ ಫೋಟೋದಲ್ಲಿ ಏಕ್‌ದಂ ಹೀರೋ” ಎಂದ. ಆರು ತಿಂಗಳಲ್ಲಿ ಹೀರೋ ಆದವರನ್ನು ನಾನು ಕಂಡಿರಲಿಲ್ಲ. ಮ್ಯಾನೇಜರ್ ಮಾತಾಡುವಾಗ ಮಧ್ಯೆ ಬಾಯಿ ಹಾಕುವುದು ಶಿಸ್ತಲ್ಲ.

ಆಪರೇಷನ್ನಿನ ಮುಂಚೆ ತಲೆಯನ್ನು ಪೂರ್ತಿ ಬೋಳಿಸಬೇಕು ಎಂದು ಓದಿ ಹೇಳಿದೆ. ಅವನ ಕೈ ಹಿಂದಲೆಯ ಕೂದಲಿಗೆ ಹೋಯಿತು.

“ಪೂರ್ತಿ ತೆಗೀಲೇಬೇಕಾ ಅಕ್ಕಾ?”

“ಪೂರ್ತಿ.”

“ಅಲ್ಲ, ಮನೆಯಲ್ಲಿ ಅಪ್ಪ…”

“ಟೋಪಿ ಕೊಡ್ತೇವೆ” ಎಂದೆ. ಪೆನ್ನಿನ ಮುಚ್ಚಳ ಹಾಕಿದೆ.

ಬೋಳಿಸದೆ ಮಾಡುವ ಕ್ರಮವೂ ಇತ್ತು. ಹಿಂದಿನ ಕೂದಲನ್ನು ಎತ್ತಿ ಕ್ಲಿಪ್ಪು ಹಾಕಿ, ಅದರ ಅಡಿಯಲ್ಲಿ ಒಂದು ಪಟ್ಟಿಯಷ್ಟು ಮಾತ್ರ ಕತ್ತರಿಸಿ ಬೇರು ತೆಗೆಯುವುದು. ಮೇಲಿನ ಕೂದಲು ಬಿಟ್ಟರೆ ಏನೂ ಕಾಣುವುದಿಲ್ಲ. ಡಾಕ್ಟರು ಕೆಲವರಿಗೆ ಮಾಡಿದ್ದರು. ಆದರೆ ಅದಕ್ಕೆ ಇಡೀ ದಿನ ಹೋಗುತ್ತದೆ, ದಿನಕ್ಕೆ ಇಬ್ಬರ ಜಾಗದಲ್ಲಿ ಒಬ್ಬನೇ ಆಗುತ್ತಾನೆ. ದಿನದ ವೇಳಾಪಟ್ಟಿ ಹಾಕುತ್ತಿದ್ದವಳು ನಾನು. ಕೇಳಿದವರಿಗೆ ಮಾತ್ರ ಹೇಳುತ್ತಿದ್ದೆ. ಅವನು ಕೇಳಲು ಹೊರಟಿದ್ದ. ನಾನು ಕೇಳಿಸಿಕೊಳ್ಳಲಿಲ್ಲ.

ಬುಧವಾರ ಆಪರೇಷನ್ನಿಗೆಂದು ಬೇಗ ಬಂದು, ಬೆಳಿಗ್ಗೆ ಎಂಟಕ್ಕೆ ನಾನೇ ಮೆಷಿನ್ ಹಿಡಿದು ಅವನ ತಲೆ ಬೋಳಿಸಿದೆ. ವಾರ್ಡಿನಲ್ಲಿ ಸಾವಿರ ಮಂದಿಯನ್ನು ಆಪರೇಷನ್ನಿಗೆ ತಯಾರು ಮಾಡಿದ ಕೈ. ತಲೆಯೂ ಒಂದು ಆಪರೇಷನ್ನಿನ ಜಾಗ, ಅಷ್ಟೇ. ಕೂದಲು ಬೀಳುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ನೋವಿನ ಹೆದರಿಕೆ ಎಂದುಕೊಂಡು, “ಇಂಜೆಕ್ಷನ್ ಕೊಡುವಾಗ ಮಾತ್ರ ನೋವು, ಆಮೇಲೆ ಇಲ್ಲ” ಎಂದೆ. ಮಧ್ಯಾಹ್ನಕ್ಕೆ ಮುಗಿಯಿತು. ತಲೆ ಎತ್ತರಿಸಿ ಮಲಗಬೇಕು, ಮುಟ್ಟಬಾರದು, ಬೆವರಬಾರದು, ಹತ್ತು ದಿನ ಕತ್ತಿ ಬಾಚಣಿಗೆ ಏನೂ ತಾಗಬಾರದು ಎಂದು ಬರೆದ ಹಾಳೆ ಕೊಟ್ಟೆ. ಎರಡು ಸಲ ಓದಿಸಿದೆ. ಸಡಿಲವಾದ ನೀಲಿ ಟೋಪಿ ಹಾಕಿ ಕಳಿಸಿದೆ.

ಅವನು ಮನೆಗೆ ಹೋಗಲಿಲ್ಲ. ಹೊಸ ಜಾಗ ನೋಡಲು ಕಲ್ಯಾಣಕ್ಕೆ ಹೋಗಿದ್ದೇನೆ, ಒಂದು ವಾರ ಆಗುತ್ತದೆ ಎಂದು ಅಮ್ಮನಿಗೆ ಸುಳ್ಳು ಹೇಳಿ, ಹೋಟೆಲಿನ ಮಾಳಿಗೆಯಲ್ಲಿ ಕೆಲಸಗಾರರ ಕೋಣೆಯಲ್ಲಿ ಮಲಗಿದ್ದ. ತಲೆ ತೊಳೆಸಲು ಶನಿವಾರ ಕ್ಲಿನಿಕ್ಕಿಗೆ ಬಂದಾಗ ಇದನ್ನು ಹೇಳಿದ. ಆಪರೇಷನ್ನಿನಿಂದ ಹಣೆ ಊದಿದೆಯಲ್ಲ, ನಾಚಿಕೆಯಿರಬೇಕು ಎಂದು ನಾನು ತಿಳಿದೆ. ಆಗಲೂ ನನಗೆ ಹೊಳೆಯಲಿಲ್ಲ.

ಸೋಮವಾರ ಮಧ್ಯಾಹ್ನ ಅವನ ಫೋನ್. ಡಯಾಲಿಸಿಸ್ ಮಧ್ಯದಲ್ಲಿ ಅಪ್ಪನಿಗೆ ಉಸಿರು ಕಟ್ಟಿ ಅಲ್ಲೇ ಭರ್ತಿ ಮಾಡಿದ್ದಾರೆ. ಮಗನನ್ನೇ ಕೇಳುತ್ತಿದ್ದಾರೆ. “ನೀವೂ ಬನ್ನಿ ಅಕ್ಕಾ. ಅಲ್ಲಿಯ ಡಾಕ್ಟರು ಹೇಳುವುದು ನನಗೆ ಅರ್ಥ ಆಗುವುದಿಲ್ಲ.” ಆಸ್ಪತ್ರೆ ಹತ್ತಿರದಲ್ಲೇ ಇತ್ತು. ನಾಲ್ಕಕ್ಕೆ ನನ್ನ ಕೆಲಸ ಮುಗಿಯುತ್ತದೆ, ನಾಲ್ಕಕ್ಕೆ ಅಲ್ಲಿ ರೋಗಿಗಳನ್ನು ನೋಡುವ ಹೊತ್ತು. ಹೋದೆ.

ಮುದುಕರು ದಿಂಬಿಗೆ ಒರಗಿ ಕೂತಿದ್ದರು. ಮೂಗಿಗೆ ಆಮ್ಲಜನಕದ ನಳಿಗೆ. ಕಣ್ಣು ಮಾತ್ರ ಚುರುಕು; ನಲವತ್ತು ವರ್ಷ ಗಲ್ಲಾದಲ್ಲಿ ಕೂತು ಬಾಗಿಲಿನಲ್ಲಿ ಬಂದವರನ್ನು ಅಳೆದ ಕಣ್ಣು. ಪಕ್ಕದಲ್ಲಿ ಹೆಂಡತಿ ಸ್ಟೂಲಿನ ಮೇಲೆ.

“ಬಂದೆಯಾ? ಎಂತ ಅದು ಟೋಪಿ? ತಲೆಗೆ ಪೆಟ್ಟಾಗಿದೆಯಾ?”

“ಇಲ್ಲಪ್ಪ.”

“ಮತ್ತೆ ಹಣೆ ಊದಿದೆ? ಗಾಡಿಯಿಂದ ಬಿದ್ದೆಯಾ? ನನಗೆ ಹೇಳದೆ ಅಡಗಿಸ್ತೀರಾ ನೀವೆಲ್ಲ? ತೆಗಿ, ನೋಡುವ.”

ತನ್ನ ಉಸಿರಿಗೇ ಗತಿಯಿಲ್ಲದವರು ಮಗನ ಗಾಯ ನೋಡಲು ಮುಂದಕ್ಕೆ ಬಾಗಿದರು. ಅವನು ನನ್ನ ಕಡೆ ನೋಡಿದ. ಬಾಗಿದ ರೋಗಿಗೆ ಆಯಾಸ ಆಗುತ್ತದೆ, ಬೇಗ ಮುಗಿಯಲಿ ಎಂದು ನಾನು ತಲೆಯಾಡಿಸಿದೆ. ಅವನು ಟೋಪಿ ತೆಗೆದ.

ತಾಯಿ ಬಾಯಿಗೆ ಸೆರಗು ಒತ್ತಿದರು. ಮುದುಕರು ಮೆಲ್ಲನೆ ಹಿಂದಕ್ಕೆ ಒರಗಿದರು.

“ನಾನು ಇನ್ನೂ ಇದ್ದೇನಲ್ಲ ಮಾರಾಯ” ಎಂದರು.

ಆಗ ನನಗೆ ಗೊತ್ತಾಯಿತು. ನನ್ನ ತಂದೆ ಹೋದ ದಿನ ಅಣ್ಣ ತಲೆ ಬೋಳಿಸಿಕೊಂಡು ಒಳಗೆ ಬಂದದ್ದನ್ನು ನಾನು ಕಣ್ಣಾರೆ ಕಂಡವಳು. ಅಪ್ಪ ಇರುವಾಗ ಮಗ ತಲೆ ಬೋಳಿಸಬಾರದು ಎನ್ನುವುದು ನಮ್ಮ ಕಡೆಯ ಮಗುವಿಗೂ ಗೊತ್ತು. ಹಿಂದಿನ ಸೋಮವಾರ ನನ್ನ ಮೇಜಿನ ಮುಂದೆ ಅವನು ಅದನ್ನೇ ಹೇಳಲು ಬಾಯಿ ತೆರೆದದ್ದು. ನಾನು ಟೋಪಿ ಕೊಡುತ್ತೇವೆ ಎಂದಿದ್ದೆ.

ವಾರ್ಡಿನಲ್ಲಿ ಮೌನ ಬಿದ್ದರೆ ಏನಾದರೂ ಮಾಡುವುದು ನನ್ನ ಅಭ್ಯಾಸ. “ತಿರುಪತಿಗೆ ಹೋಗಿದ್ದರು” ಎಂದುಬಿಟ್ಟೆ. “ನಿಮಗೆ ಗುಣವಾಗಲಿ ಅಂತ ಹರಕೆ. ಮುಡಿ ಕೊಟ್ಟು ಬಂದಿದ್ದಾರೆ.”

ಮುದುಕರು ಮಗನ ಮುಂದಲೆಯ ಕೆಂಪು ಚುಕ್ಕಿಗಳನ್ನು ಸಾಲು ಸಾಲಾಗಿ ನೋಡಿದರು. “ತಿರುಪತಿಯಲ್ಲಿ ಈಗ ಸೂಜಿಯಲ್ಲಿ ಚುಚ್ಚಿ ತೆಗೀತಾರಾ?” ಎಂದರು. ಆಮೇಲೆ ನನ್ನನ್ನು ನೋಡಿ, “ನೀವು ಯಾರು?” ಎಂದರು.

ಮಗ ಆಗ ಎಲ್ಲವನ್ನೂ ಹೇಳಿದ. ಮದುವೆಗೆ, ನಿಮಗೋಸ್ಕರವೇ ಅಪ್ಪ, ಆರು ತಿಂಗಳಲ್ಲಿ ಬೆಳೆಯುತ್ತದಂತೆ. ಮುದುಕರು ಆರು ತಿಂಗಳು ಎಂಬ ಮಾತಿಗೆ ಮಾತ್ರ ಸ್ವಲ್ಪ ನಕ್ಕರು. “ಟೋಪಿ ಹಾಕು. ಅಮ್ಮನಿಗೆ ನೋಡಲಿಕ್ಕೆ ಆಗುವುದಿಲ್ಲ” ಎಂದು ಕಣ್ಣು ಮುಚ್ಚಿದರು. ಅದಾದ ಮೇಲೆ ಎರಡು ದಿನ ಮಗನ ಹತ್ತಿರ ಮಾತಾಡಿದ್ದು ನೀರು ಕೊಡು, ಮಂಚ ಎತ್ತು, ಅಷ್ಟೇ ಅಂತೆ.

ಬುಧವಾರ ಬೆಳಗಿನ ಜಾವ ಹೋದರು. ಹತ್ತೂವರೆಗೆ ಸ್ಮಶಾನದಿಂದ ನನಗೆ ಫೋನ್ ಬಂತು. ಎದುರಿಗೆ ಬೇಲಾಪುರದ ಆಫೀಸಿನವನೊಬ್ಬ ಪ್ರಶ್ನೆಗಳೊಂದಿಗೆ ಕೂತಿದ್ದ. ಅವನನ್ನು ಬಿಟ್ಟು ಹೊರಗೆ ಬಂದೆ.

“ಅಕ್ಕಾ, ಕ್ಷೌರ ಆಗಬೇಕಂತೆ. ಅಪ್ಪ ಇರುವಾಗ ತೆಗೆದದ್ದು ಇದಕ್ಕೆ ಸೇರುವುದಿಲ್ಲ ಅಂತಾರೆ ಭಟ್ರು. ಈಗ ಕತ್ತಿ ಹಾಕಬಹುದಾ?”

“ಏಳೇ ದಿನ ಆದದ್ದು. ಮುಂದಲೆಗೆ ಕತ್ತಿ ತಾಗಿದರೆ ಬೇರು ಕಿತ್ತು ಬರುತ್ತದೆ. ನೆಟ್ಟದ್ದೆಲ್ಲ ಹೋಗುತ್ತದೆ. ಮತ್ತೆ ಮಾಡಲು ಹಿಂದೆ ಅಷ್ಟು ಕೂದಲು ಉಳಿದಿರುವುದೂ ಇಲ್ಲ. ಭಟ್ಟರಿಗೆ ಹೇಳಿ.”

“ಹೇಳಿದೆ. ಹಿಂದೆ, ಕಿವಿಯ ಹತ್ತಿರ ಮಾತ್ರ ಮಾಡಿದರೂ ನಡೀತದೆ ಅಂತ ಒಪ್ಪಿದ್ದಾರೆ.”

“ಮತ್ತೇನು? ಹಾಗೇ ಮಾಡಿ.”

ಹಿಂದೆ ಯಾರೋ ಮರಾಠಿಯಲ್ಲಿ ಕಟ್ಟಿಗೆಯ ಬಗ್ಗೆ ಗದರುತ್ತಿದ್ದರು.

“ಅಪ್ಪ ಇರುವಾಗ ಪೂರ್ತಿ ತೆಗೆಸಿದೆ. ಈಗ ಅವರಿಲ್ಲ, ಈಗ ಅರ್ಧವಾ ಅಕ್ಕಾ?”

ಪೂರ್ತಿ ತೆಗೆಯಲು ಅವನು ಯಾರಿಗೋ ಹೇಳಿದ್ದು ಕೇಳಿಸಿತು. ಫೋನು ಕ್ಷೌರಿಕನ ಕೈಗೆ ಹೋಯಿತು. ಅವನಿಗೆ ಆ ತಲೆ ನೋಡಿ ಹೆದರಿಕೆ. “ಬೆಹೆನ್‌ಜಿ, ಖೂನ್ ಆಯೇಗಾ ಕ್ಯಾ?”

ರಕ್ತ ಬರುತ್ತದೆ ಎಂದೆ. ಬ್ಲೇಡು ಹೊಸದೇ ಎಂದು ಕೇಳಿದೆ. ತಲೆಯನ್ನು ಕುಡಿಯುವ ನೀರಿನಲ್ಲೇ ನೆನೆಸು, ಬ್ಲೇಡು ಒತ್ತಬೇಡ, ರಕ್ತ ಬಂದಲ್ಲಿ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿ ಎಂದೆ. ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದೆ. ಅವನು “ಜೀ, ಜೀ” ಎನ್ನುತ್ತಿದ್ದ. ಆಮೇಲೆ ಒಳಗೆ ಹೋಗಿ ಬೇಲಾಪುರದವನ ಉಳಿದ ಪ್ರಶ್ನೆಗಳನ್ನು ಮುಗಿಸಿದೆ.

ಮ್ಯಾನೇಜರಿಗೆ ವಿಷಯ ತಿಳಿದಾಗ ಅವನು ಕೇಳಿದ್ದು ಒಂದೇ: “ಹತ್ತು ದಿನ ಕತ್ತಿ ಬೇಡ ಎಂದು ಬರೆದು ಕೊಟ್ಟಿದ್ದೀರಲ್ಲ ಸಿಸ್ಟರ್?” ಕೊಟ್ಟಿದ್ದೆ. ಎರಡು ಸಲ ಓದಿಸಿಯೂ ಇದ್ದೆ. ಸೂಚನೆ ಪಾಲಿಸಲಿಲ್ಲ ಎಂದು ಫೈಲಿನಲ್ಲಿ ಬರೆಯಲು ಹೇಳಿದ. ಬರೆದೆ. ನನ್ನ ಅಕ್ಷರ ಚೆನ್ನಾಗಿದೆ.

ಹದಿಮೂರನೆಯ ದಿನದ ಊಟಕ್ಕೆ ಅವರ ಮನೆಗೆ ಹೋದೆ. ಹೋಗದೆ ಇರಬಹುದಿತ್ತು, ಕರೆದಿದ್ದರು. ಮಗ ಬಡಿಸುತ್ತಿದ್ದ. ಮುಂದಲೆಯಲ್ಲಿ ಚುಕ್ಕಿಗಳು ಹೋಗಿ ಅಲ್ಲಲ್ಲಿ ಕಪ್ಪು ಕಲೆ ಉಳಿದಿತ್ತು. ಬಂದ ನೆಂಟರೊಬ್ಬರು, ಇನ್ನು ಒಂದು ವರ್ಷದ ಒಳಗೆ ಮದುವೆ ಮುಗಿಸಬೇಕು ಎಂದರು. ಅವನು ಸಾರಿನ ಪಾತ್ರೆ ಹಿಡಿದು ಮುಂದಿನ ಎಲೆಗೆ ಹೋದ. ನನ್ನ ಎಲೆಗೆ ಬಡಿಸುವಾಗ, “ಸಾಕಾ?” ಎಂದ. ಅಕ್ಕಾ ಎನ್ನಲಿಲ್ಲ.

ಹೊರಡುವಾಗ ಅವನ ತಾಯಿ ಬಾಗಿಲಿನವರೆಗೆ ಬಂದರು. ಸಿಟ್ಟಿನ ಹೆಂಗಸಲ್ಲ. ನನ್ನ ಕೈ ಹಿಡಿದುಕೊಂಡೇ ಕೇಳಿದರು:

“ನೀವೂ ನಮ್ಮ ಊರ ಕಡೆಯವರೇ ಅಲ್ವಾ?”

ಹೌದು ಎಂದೆ. ಅವರು ನನ್ನ ಕೈ ಬಿಟ್ಟರು.