ಬೆಟ್ಟದ ದಾರಿ ಬಿಡಿಸಿದ ಗ್ರೇಡರ್ ರೋಸೆಲ್ಲಾ

ಬೆಟ್ಟಸಾಲಿನ ಹಿಂದೆ ಬೆಳಕು ಇನ್ನೂ ಬೂದಿ ಬಣ್ಣದಲ್ಲೇ ಇದೆ. ಕೌಂಟಿ ಎನ್ನುವ ಜಿಲ್ಲಾಡಳಿತದ ವಾಹನಗಳು ನಿಲ್ಲುವ ಅಂಗಳದಲ್ಲಿ ರೋಸೆಲ್ಲಾ ಅಪನೇ ರಸ್ತೆ ಸಮ ಮಾಡುವ ತಮ್ಮ ಹಳದಿ ಗ್ರೇಡರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬರುತ್ತಾರೆ. ಚಕ್ರಗಳಿಗೆ ಬೂಟುಗಾಲಿನಲ್ಲಿ ಒಂದೊಂದು ಒದೆ. ಕೈಗವಸು ಕಳಚಿ, ಉದ್ದನೆಯ ಉಕ್ಕಿನ ಅಲಗಿನ ಅಂಚನ್ನು ಬರಿ ಬೆರಳಿನಿಂದ ಸವರಿ ನೋಡುತ್ತಾರೆ. ಆಮೇಲೆ ಕಾಫಿಯ ಫ್ಲಾಸ್ಕನ್ನೂ ಒಣಮಾಂಸದ ಪೊಟ್ಟಣವನ್ನೂ ಮೇಲೆ ಎಸೆದು ಏಣಿ ಹತ್ತುತ್ತಾರೆ. ಮೊದಲ ಮೆಟ್ಟಿಲಿಗೇ ಮಂಡಿ ಕಟಕ್ಕೆನ್ನುತ್ತದೆ.

"ಗಾಡಿಗೂ ನನಗೂ ಒಂದೇ ಕಾಯಿಲೆ," ಎನ್ನುತ್ತಾರೆ. "ಬೆಳಿಗ್ಗೆ ಸ್ವಲ್ಪ ಹೊತ್ತು ಕೀಲು ಬಿಡಲ್ಲ. ಬಿಸಿ ಆದಮೇಲೆ ಇಬ್ಬರೂ ದಾರಿಗೆ ಬರ್ತೀವಿ."

ಇವತ್ತಿನ ಕೆಲಸ ಬ್ಯಾಡ್ಜರ್ ಹಳ್ಳದ ರಸ್ತೆಯಲ್ಲಿ. ಡಾಂಬರು ಕಾಣದ ಜಲ್ಲಿ ದಾರಿ ಅದು. ಬೇಸಿಗೆಯಿಡೀ ಲಾರಿ, ಜೀಪು ಓಡಾಡಿ ಮೈತುಂಬ ಅಲೆ ಎದ್ದಿದೆ. ಅಲಗನ್ನು ಓರೆ ಮಾಡಿ ಇಳಿಸುತ್ತಲೇ ಜಲ್ಲಿ ಒಂದು ಪಕ್ಕಕ್ಕೆ ಸುರುಳಿ ಸುರುಳಿಯಾಗಿ ಹೊರಳುತ್ತದೆ. ಚಾಲಕರ ಗಾಜಿನ ಗೂಡಿನೊಳಗೆ ಸೇಜ್ ಪೊದೆಗಳ ಘಾಟು ತುಂಬುತ್ತದೆ. ಹೊಲ, ಹುಲ್ಲುಗಾವಲು ದಾಟಿ ರಸ್ತೆ ಏರುತ್ತ ಹೋಗಿ ಸರ್ಕಾರದ ಕಾಡಿನ ಗಡಿಯಲ್ಲಿ ಮುಗಿಯುತ್ತದೆ. ಅದರಾಚೆ ಬ್ಯಾಡ್ಜರ್ ಬೆಟ್ಟ. ಬೆಟ್ಟದಲ್ಲಿ ಎಲ್ಕ್ ಇದೆ, ನಮ್ಮ ಕಡವೆಗಿಂತ ಭಾರಿ ಮೈಯ ಜಿಂಕೆ. ಅಮೆರಿಕದ ಐಡಾಹೋ ರಾಜ್ಯದ ಈ ಮೂಲೆಯಲ್ಲಿ ಚಳಿಗಾಲದ ಊಟ ಎಂದರೆ ಎಲ್ಕ್.

ಅರ್ಧ ದಾರಿಯಲ್ಲಿ ಎರಡು ದಪ್ಪ ಮರದ ಕಂಬಗಳು ನಿಂತಿವೆ. ಕಬ್ಬಿಣದ ಗೇಟೊಂದನ್ನು ಕಿತ್ತು ಬೇಲಿಗೆ ಒರಗಿಸಲಾಗಿದೆ. ಸುತ್ತ ಹುಲ್ಲು ಬೆಳೆದಿದೆ. ರೋಸೆಲ್ಲಾ ವೇಗ ತಗ್ಗಿಸದೆ ಕಂಬಗಳ ನಡುವೆ ಹಾದುಹೋಗುತ್ತಾರೆ. ಆ ಗೇಟಿನ ಕಡೆ ನೋಡುವುದೂ ಇಲ್ಲ. ಹೋದ ವರ್ಷ ಇದೇ ಜಾಗದಲ್ಲಿ ಅವರ ಕೆಲಸ ಹೋಗುವುದರಲ್ಲಿತ್ತು.

ಶೋಶೋನಿ-ಬ್ಯಾನಕ್ ಎಂಬ ಮೂಲನಿವಾಸಿ ಜನರ ಫೋರ್ಟ್ ಹಾಲ್ ಅವರ ಊರು. ನೂರೈವತ್ತು ವರ್ಷಕ್ಕೂ ಹಿಂದೆ ಅವರ ಹಿರಿಯರು ದೇಶದ ಸರ್ಕಾರದೊಂದಿಗೆ ಒಪ್ಪಂದಕ್ಕೆ ಗುರುತು ಹಾಕಿ, ನೆಲದ ಬಹುಪಾಲು ಬಿಟ್ಟುಕೊಟ್ಟರು. ಯಾರೂ ನೆಲೆಸದ ಸರ್ಕಾರಿ ನೆಲದಲ್ಲಿ ಬೇಟೆಯಾಡುವ ಹಕ್ಕನ್ನು ಮಾತ್ರ ಬಿಡಲಿಲ್ಲ. ಆ ಹಕ್ಕು ಇವತ್ತಿಗೂ ಇದೆ. ಹಕ್ಕು ಇದ್ದೂ ಉಪವಾಸ ಬೀಳುವುದು ಹೇಗೆಂದು ರೋಸೆಲ್ಲಾ ಸಣ್ಣವರಿದ್ದಾಗಲೇ ಕಂಡಿದ್ದಾರೆ.

"ಅಪ್ಪ ಬ್ಯಾಡ್ಜರ್ ಬೆಟ್ಟದಲ್ಲಿ ಒಂದು ಹೆಣ್ಣು ಎಲ್ಕ್ ಹೊಡೆದಿದ್ರು. ಇಳಿದು ಬರುವಾಗ ಬೇಟೆ ಕಾಯೋ ವಾರ್ಡನ್ ಹಿಡಿದ. ಬಂದೂಕು, ಮಾಂಸ ಎರಡೂ ತಗೊಂಡು ಹೋದ. ಚಳಿಗಾಲ ಮುಗಿಯೋ ಹೊತ್ತಿಗೆ ಜಡ್ಜು, ಇವರದ್ದು ತಪ್ಪಿಲ್ಲ, ಒಪ್ಪಂದ ಇದೆ ಅಂದ್ರು. ಅಪ್ಪ ಗೆದ್ರು. ಮಾಂಸ ಎಲ್ಲಿ ಅಂತ ಕೇಳಿದ್ರೆ, ಅವರ ಶೆಡ್ಡಲ್ಲಿ ಕೊಳೆತುಹೋಗಿತ್ತು. ಆ ವರ್ಷ ನಾವು ಡಬ್ಬಿಯ ಬೀನ್ಸ್ ತಿಂದೇ ಕಳೆದ್ವಿ. ಕೋರ್ಟಲ್ಲಿ ಗೆದ್ದ ಮನೆಯ ಬೀನ್ಸ್ ಅಂತ ಅಮ್ಮ ನಗಾಡೋರು."

ರಸ್ತೆ ಇಲಾಖೆಗೆ ಅವರು ಸೇರಿದ್ದು ಬಾವುಟ ಹಿಡಿದು ವಾಹನ ನಿಲ್ಲಿಸುವ ಕೆಲಸಕ್ಕೆ. ಗಂಡ ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ಅದೊಂದೇ ಸಿಕ್ಕಿತ್ತು. ಗ್ರೇಡರ್ ಓಡಿಸುವವನೊಬ್ಬ ನಡು ಚಳಿಗಾಲದಲ್ಲಿ ಕೆಲಸ ಬಿಟ್ಟು ಹೋದ. "ನಾನು ಹತ್ತಲಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ಮೇಸ್ತ್ರಿ ಗಾರ್ತ್ ಲಂಡ್‌ಕ್ವಿಸ್ಟ್ ಮಾತ್ರ ನಗಲಿಲ್ಲ. ಅಂಗಳದಲ್ಲೇ ಕೂರಿಸಿ, ಒಂದು ಸಾಲು ಹಿಮ ತಳ್ಳಿಸಿ ನೋಡಿ, "ನಾಳೆಯಿಂದ ಬಾ" ಎಂದ. ಮೊದಲ ವರ್ಷ ಎರಡು ಅಂಚೆ ಡಬ್ಬಗಳನ್ನೂ ಒಂದು ಕೋಳಿಗೂಡನ್ನೂ ಉರುಳಿಸಿದ್ದನ್ನು ರೋಸೆಲ್ಲಾ ಮುಚ್ಚಿಡುವುದಿಲ್ಲ.

ಕೌಂಟಿಯ ಕೆಲಸ ಎಂದರೆ ಹೆಚ್ಚಿನ ರಸ್ತೆಗಳು ಬಿಳಿಯರ ಹೊಲಮನೆಗಳಿಗೇ ಹೋಗುತ್ತವೆ. ಫೋರ್ಟ್ ಹಾಲ್‌ನಲ್ಲಿ ಅದಕ್ಕೂ ಕುಟುಕುವವರಿದ್ದರು. ಮೊದಲಿಗ ಅವರ ಸ್ವಂತ ತಮ್ಮ ಲೇಲ್ಯಾಂಡ್. "ಅಕ್ಕ, ಇವತ್ತು ಯಾರ ಅಂಗಳ ಗುಡಿಸಿ ಬಂದೆ?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ. "ನಿನ್ನ ಬಾಯಿಗೂ ಒಂದು ಅಲಗು ಹಾಕಿಸ್ತೀನಿ ಇರು," ಎಂದು ಇವರು ಕರಿದ ರೊಟ್ಟಿಯನ್ನು ಅವನ ತಟ್ಟೆಗೆ ಎಸೆಯುತ್ತಿದ್ದರು.

ಬ್ಯಾಡ್ಜರ್ ಹಳ್ಳದ ಹುಲ್ಲುಗಾವಲು ಬಹಳ ಕಾಲ ಒಂದೇ ಮನೆತನದ ಕೈಯಲ್ಲಿತ್ತು. ಬೇಟೆಗೆ ಹೋಗುವವರು ಆ ಮನೆಯ ಮುಂದೆ ಹಾರ್ನ್ ಬಾರಿಸಿ ಕೈ ಬೀಸಿ ಮುಂದಕ್ಕೆ ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಅದನ್ನು ದೂರದ ಊರಿನ ಸಿರಿವಂತನೊಬ್ಬ ಕೊಂಡ. ರಸ್ತೆ ತನ್ನ ಜಮೀನಿನ ನಡುವೆ ಹೋಗುತ್ತದೆ, ಹಾಗಾಗಿ ತನ್ನದೇ ಎಂದ. ಗೇಟು ನಿಲ್ಲಿಸಿ ಬೀಗ ಜಡಿದ. ಬೆಟ್ಟಕ್ಕೆ ಬೇರೆ ದಾರಿಯಿಲ್ಲ. ಸುತ್ತಲೂ ಕಡಿದಾದ ಬಂಡೆ, ಇಲ್ಲವೇ ಅವನದೇ ಬೇಲಿ. ಬೆಟ್ಟ ಎಲ್ಲರದ್ದಾಗಿಯೇ ಉಳಿಯಿತು. ಕಾಲಿಡುವವರು ಮಾತ್ರ ಅವನ ಅತಿಥಿಗಳಾದರು. ವಿಮಾನದಲ್ಲಿ ಬಂದು, ಅವನ ಬಂಗಲೆಯಲ್ಲಿ ತಂಗಿ, ಹಣ ತೆತ್ತು ಬೇಟೆಯಾಡುವವರು.

ಹೋದ ವರ್ಷ ಆ ರಸ್ತೆಯನ್ನು ಕೌಂಟಿ ಕೈಬಿಡಬೇಕೆಂದು ಮಾಲೀಕ ಅರ್ಜಿ ಹಾಕಿದ. ತೀರ್ಮಾನ ಆಗುವವರೆಗೆ ಗೇಟಿನ ಆಚೆ ಅಲಗು ಇಳಿಸಬೇಡ ಎಂದು ರೋಸೆಲ್ಲಾ ಅವರಿಗೆ ಕೌಂಟಿ ನಡೆಸುವ ಕಮಿಷನರ್‌ಗಳಿಂದ ಅಪ್ಪಣೆ ಬಂತು. ಅವರು ಗೇಟಿನವರೆಗೆ ಹೋಗಿ ತಿರುಗಿಸಿಕೊಂಡು ಬರುತ್ತಿದ್ದರು. ಬೇಟೆಯ ಕಾಲ ಬಂದಾಗ ಗೇಟಿನ ಮುಂದೆ ಬೆಳಿಗ್ಗೆಯೇ ಪಿಕಪ್ ಗಾಡಿಗಳು ಸೇರುತ್ತಿದ್ದವು. ಅವುಗಳಲ್ಲಿ ಲೇಲ್ಯಾಂಡ್‌ನದ್ದೂ ಒಂದು, ಲವರ್ನ್ ಹ್ಯಾಚ್ ಎಂಬ ನಿವೃತ್ತ ಲೈನ್‌ಮನ್‌ನದ್ದೂ ಒಂದು. ಮೂಲನಿವಾಸಿಗಳಿಗೆ ಬೇಟೆಯ ಕಾಲ ಉದ್ದ ಕೊಟ್ಟಿದ್ದಾರೆ ಎಂದು ಪೆಟ್ರೋಲ್ ಬಂಕಿನಲ್ಲಿ ನಿಂತು ವರ್ಷವಿಡೀ ಗೊಣಗುವ ಮನುಷ್ಯ ಈ ಲವರ್ನ್. ಈಗ ಇಬ್ಬರೂ ಒಂದೇ ಬೀಗದ ಮುಂದೆ, ಒಬ್ಬರ ಮುಖ ಒಬ್ಬರು ನೋಡದೆ ನಿಂತಿರುತ್ತಿದ್ದರು.

ಅಕ್ಟೋಬರ್ ಕೊನೆಯಲ್ಲಿ ಕಾಲವಲ್ಲದ ಕಾಲಕ್ಕೆ ಹಿಮ ಸುರಿಯಿತು. ಒಂದೇ ರಾತ್ರಿಗೆ ಬೇಲಿಯ ಅರ್ಧದಷ್ಟು. ಬೆಳಗಾಗುತ್ತಲೇ ಗಾರ್ತ್ ರೇಡಿಯೋದಲ್ಲಿ ಹೇಳಿದ: "ರೋಸ್, ಬ್ಯಾಡ್ಜರ್ ಹಳ್ಳದ ಮೇಲೆ ಬಂಗಲೆವರೆಗೂ ಹಿಮ ತಳ್ಳು. ಅತಿಥಿಗಳು ವಿಮಾನ ಹಿಡಿಯಬೇಕಂತೆ."

ರೋಸೆಲ್ಲಾ ಗೇಟಿನವರೆಗೆ ತಳ್ಳಿಕೊಂಡು ಹೋದರು. ಬಂಗಲೆಯ ಉಸ್ತುವಾರಿ ಟ್ರೆಂಟ್ ಎಂಬ ಹುಡುಗ ಆ ಕಡೆಯಿಂದ ಹಿಮದಲ್ಲಿ ಮಂಡಿಯವರೆಗೆ ಹೂತುಕೊಂಡು ನಡೆದು ಬಂದಿದ್ದ. ಬೀಗ ತೆಗೆದ. ಹಿಂದೆ ಸಾಲಾಗಿ ನಿಂತಿದ್ದ ಪಿಕಪ್‌ಗಳ ಕಡೆ ಕೈ ಮಾಡಿ, "ನೀವೊಬ್ಬರೇ ಬನ್ನಿ. ನೀವು ದಾಟಿದ ತಕ್ಷಣ ಮತ್ತೆ ಬೀಗ ಹಾಕ್ತೀನಿ," ಎಂದ.

ರೋಸೆಲ್ಲಾ ಎಂಜಿನ್ ಆರಿಸಿದರು.

"ಒಳಗೆ ಯಾರಿಗಾದ್ರೂ ಹುಷಾರಿಲ್ವಾ?"

"ಇಲ್ಲ. ಎಲ್ಲರೂ ಚೆನ್ನಾಗಿದ್ದಾರೆ. ವಿಮಾನಕ್ಕೆ ತಡ ಆಗ್ತಿದೆ ಅಷ್ಟೇ."

"ಹುಷಾರಿಲ್ಲ ಅಂದಿದ್ರೆ ಈಗಲೇ ನುಗ್ಗಿಸ್ತಿದ್ದೆ, ಬೀಗಗೀಗ ನೋಡ್ತಿರಲಿಲ್ಲ. ಸೌದೆ, ಊಟ ಇದೆ ತಾನೇ?"

"ಇದೆ."

"ಹಾಗಾದ್ರೆ ಕೇಳು ಮಗಾ. ನಿಮ್ಮ ಮನೆ ದಾರಿ ಆದ್ರೆ ನಿಮ್ಮ ಸನಿಕೆ ಹಿಡಿದು ನೀವೇ ತಳ್ಕೊಳ್ಳಿ. ಊರ ದಾರಿ ಆದ್ರೆ ನಾನು ತಳ್ತೀನಿ, ಊರವರೂ ಬರ್ತಾರೆ. ಹಿಮ ಬಿದ್ದಾಗ ಊರದ್ದು, ಎಲ್ಕ್ ಇಳಿದಾಗ ನಿಮ್ಮದು, ಹಾಗೆ ಆಗಲ್ಲ."

ಟ್ರೆಂಟ್ ಫೋನ್ ತೆಗೆದ. ಸ್ವಲ್ಪ ಹೊತ್ತಿಗೆ ರೇಡಿಯೋ ಗರಗರ ಅಂದಿತು. ಗಾರ್ತ್‌ನ ದನಿ ಬಿಗಿದಿತ್ತು. "ರೋಸ್, ಕಮಿಷನರ್‌ಗಳು ನನ್ನ ತಲೆ ಮೇಲೆ ಕೂತಿದ್ದಾರೆ. ಸುಮ್ಮನೆ ತಳ್ಳಿಬಿಡು. ಇದು ಕೆಲಸ ಹೋಗೋ ಮಾತು."

"ತಳ್ತೀನಿ ಗಾರ್ತ್. ಇದು ಯಾರ ರಸ್ತೆ ಅಂತ ಹೇಳು ಸಾಕು."

"ಅದು ನಿನಗೂ ಗೊತ್ತು, ನನಗೂ ಗೊತ್ತು."

"ನಿನ್ನ ಬಾಯಿಂದ ಬರಲಿ. ಎಲ್ಲರೂ ಕೇಳ್ತಿದ್ದಾರೆ."

ಕೇಳುತ್ತಲೇ ಇದ್ದರು. ಕೌಂಟಿಯ ಅಷ್ಟೂ ಗ್ರೇಡರ್, ಲಾರಿಗಳಿಗೆ ಇರುವುದು ಅದೊಂದೇ ರೇಡಿಯೋ ಸಾಲು. ಎಲ್ಲರೂ ಹಿಮ ತಳ್ಳುವುದು ಬಿಟ್ಟು ಕಿವಿಗೊಟ್ಟಿದ್ದರು. ರೋಸೆಲ್ಲಾ ಫ್ಲಾಸ್ಕ್ ತೆರೆದು ಕಾಫಿ ಬಗ್ಗಿಸಿಕೊಂಡರು. "ಧೈರ್ಯ ಇತ್ತಾ ಅಂತ ಜನ ಕೇಳ್ತಾರೆ. ಇರಲಿಲ್ಲ," ಎನ್ನುತ್ತಾರೆ ಈಗ. "ಸಣ್ಣ ಮಗಳ ಮದುವೆ ಬೇರೆ ಹತ್ತಿರ ಇತ್ತು. ಆದ್ರೆ ಆ ಶೆಡ್ಡಿನ ವಾಸನೆ ನೆನಪಾಯ್ತು. ಹಕ್ಕು ಇದೆ ಅಂತ ಇನ್ನೊಂದು ಸಲ ಹೇಳಿಸ್ಕೊಂಡು, ಬರಿಗೈಲಿ ಮನೆಗೆ ಹೋಗೋಕೆ ನನ್ನಿಂದ ಆಗ್ತಿರಲಿಲ್ಲ."

ಕೊನೆಗೆ ಗಾರ್ತ್ ಮಾತಾಡಿದ. ಈ ಸಲ ದನಿ ತಣ್ಣಗಿತ್ತು. "ಬ್ಯಾಡ್ಜರ್ ಹಳ್ಳದ ರಸ್ತೆ ಕೌಂಟಿ ರಸ್ತೆ. ಕಾಡಿನ ಗಡಿವರೆಗೂ. ನನ್ನ ಅಪ್ಪ ಅದಕ್ಕೆ ಜಲ್ಲಿ ಹೊತ್ತಿದ್ದ. ಗಡಿವರೆಗೂ ತಳ್ಳು."

ರೇಡಿಯೋದಲ್ಲಿ ಇನ್ನೊಬ್ಬ ಚಾಲಕ, "ಕೇಳಿಸ್ತು," ಎಂದ. ಅವನ ಹಿಂದೆ ಮತ್ತೊಬ್ಬ. ಆಮೇಲೆ ಇನ್ನೂ ಒಬ್ಬ.

ಟ್ರೆಂಟ್ ಕೈಯಲ್ಲಿ ಬೀಗ ಹಿಡಿದು ನಿಂತಿದ್ದ. ಒಮ್ಮೆ ಬಂಗಲೆಯ ಕಡೆ ನೋಡಿದ, ಒಮ್ಮೆ ಪಿಕಪ್‌ಗಳ ಕಡೆ. ಬೀಗವನ್ನು ಜೇಬಿಗೆ ಹಾಕಿಕೊಂಡು ಗೇಟನ್ನು ಹಿಮದೊಳಕ್ಕೆ ಪೂರ್ತಿ ನೂಕಿ ಪಕ್ಕಕ್ಕೆ ಸರಿದ. ಗ್ರೇಡರ್ ಮುಂದೆ ಹೊರಟಿತು. ಅದರ ಹಿಂದೆ ಲೇಲ್ಯಾಂಡ್. ಲವರ್ನ್ ಗಾಜಿಳಿಸಿ, "ನಾನೂ ಬರಬಹುದಾ?" ಎಂದು ಕೇಳಿದನಂತೆ. ಲೇಲ್ಯಾಂಡ್ ತಿರುಗಿಯೂ ನೋಡದೆ, "ಊರ ರಸ್ತೆ ಅಂತಲ್ಲಪ್ಪ. ಈಗಷ್ಟೇ ರೇಡಿಯೋದಲ್ಲಿ ಹೇಳಿದ್ರು," ಎಂದ.

ಮಾಲೀಕ ಸುಮ್ಮನಿರಲಿಲ್ಲ. ಅವನ ದೂರಿನ ಮೇಲೆ, ಬಂಗಲೆ ದಾಟಿ ಗಡಿವರೆಗೂ ತಳ್ಳಿ ಅಪ್ಪಣೆ ಮೀರಿದರೆಂದು ರೋಸೆಲ್ಲಾ ಅವರನ್ನು ಕೆಲಸದಿಂದ ಹೊರಗಿಡಲಾಯಿತು. ಆ ದಿನಗಳಲ್ಲಿ ಅವರು ಮನೆಯಲ್ಲಿ ಕೂತು ಲೇಲ್ಯಾಂಡ್ ತಂದ ಎಲ್ಕ್ ಮಾಂಸವನ್ನು ಹಾಳೆಯಷ್ಟು ತೆಳ್ಳಗೆ ಕೊಯ್ದು ಒಣಹಾಕಿದರು. ಓಡಾಡಲಾಗದ ಮುದುಕಿಯರ ಮನೆಗಳಿಗೆಲ್ಲ ಪಾಲು ಹೋಯಿತು. ಗಾರ್ತ್ ಮಾತ್ರ ತಾನು ರೇಡಿಯೋದಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಚಳಿಗಾಲದಲ್ಲಿ ರಸ್ತೆಯ ಅರ್ಜಿ ತೀರ್ಮಾನಿಸಲು ಕಮಿಷನರ್‌ಗಳ ಸಭೆ ಸೇರಿತು. ಹಿಂದಿನ ದಿನ ಲವರ್ನ್ ಹ್ಯಾಚ್ ಫೋರ್ಟ್ ಹಾಲ್‌ನ ರೋಸೆಲ್ಲಾ ಅವರ ಮನೆಬಾಗಿಲಿಗೆ ಬಂದ. ಒಳಗೆ ಕರೆದು ಕೂರಿಸಿ, ರೊಟ್ಟಿ, ಕಾಡುಚೆರ್ರಿಯ ಗೊಜ್ಜು ಇಟ್ಟರು. ಅವನು ತಿಂದ. ತಿಂದು, "ನಾಳೆ ರಸ್ತೆ ಮಾತು ಮಾತ್ರ ಆಡಿ. ಒಪ್ಪಂದದ ಮಾತು ತೆಗೆದ್ರೆ ನಮ್ಮ ಕಡೆಯವರೇ ಕೆಲವರು ಹಿಂದೆ ಸರೀತಾರೆ," ಎಂದ.

"ಲವರ್ನ್, ನೀನು ಶೋಕಿಗೆ ಬೆಟ್ಟ ಹತ್ತೋನಲ್ಲ, ಮನೆಗೆ ಮಾಂಸ ತರೋಕೆ ಹತ್ತೋನು, ಗೊತ್ತು. ನಾನೂ ಅಷ್ಟೇ. ಆದ್ರೆ ನನ್ನ ಅಪ್ಪನ್ನ ಬಾಗಿಲ ಹೊರಗೆ ನಿಲ್ಲಿಸಿ ನಾನೊಬ್ಬಳೇ ಒಳಗೆ ಹೋಗಲ್ಲ."

ಮರುದಿನ ರೋಸೆಲ್ಲಾ ಎರಡನ್ನೂ ಹೇಳಿದರು. ರಸ್ತೆಯ ಮಾತು ಮೊದಲು, ಅಪ್ಪನ ಮಾತು ಆಮೇಲೆ. ಹಿಂದಿನ ಬೆಂಚಿನಿಂದ ಒಂದಿಬ್ಬರು ಎದ್ದು ಹೋದದ್ದೂ ನಿಜ. ನಂತರ ಲವರ್ನ್ ಎದ್ದು ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಇವರ ಬೇಟೆ ಕಾಲದ ಬಗ್ಗೆ ನನಗೆ ಈಗಲೂ ತಕರಾರಿದೆ," ಎಂದ. "ಆದ್ರೆ ಈ ಬೆಟ್ಟಕ್ಕೆ ಅವರು ನಮಗಿಂತ ಮೊದಲು ಹೋಗ್ತಿದ್ರು. ಅದನ್ನ ಬಿಟ್ಟು ಉಳಿದದ್ದು ಹೇಳಿದ್ರೆ ನಾನು ಅರ್ಧ ಸುಳ್ಳು ಹೇಳಿದ ಹಾಗೆ."

ಒಂದೇ ಮತದ ಅಂತರದಲ್ಲಿ ರಸ್ತೆ ಕೌಂಟಿಗೆ ಉಳಿಯಿತು. ಗೇಟು ಕೀಳಬೇಕೆಂದಾಯಿತು. ರೋಸೆಲ್ಲಾ ಮತ್ತೆ ಗ್ರೇಡರ್ ಹತ್ತಿದರು. ಮಾಲೀಕ ನ್ಯಾಯಾಲಯಕ್ಕೆ ಹೋಗಿದ್ದಾನೆ, ವಿಚಾರಣೆ ಇನ್ನೂ ನಡೆಯುತ್ತಿದೆ. ಟ್ರೆಂಟ್ ಬೇರೆ ಕಡೆ ಕೆಲಸ ಹಿಡಿದಿದ್ದಾನೆ. ದಾರಿಯಲ್ಲಿ ಸಿಕ್ಕರೆ ಕೈ ಎತ್ತುತ್ತಾನಂತೆ.

ಮಧ್ಯಾಹ್ನದ ಹೊತ್ತಿಗೆ ಗ್ರೇಡರ್ ಕಾಡಿನ ಗಡಿ ಮುಟ್ಟುತ್ತದೆ. ಇಲ್ಲಿಂದ ಮುಂದಕ್ಕೆ ಕಾಲುದಾರಿ. ರೋಸೆಲ್ಲಾ ಅಲಗು ಎತ್ತಿ ಕೆಳಗಿಳಿದು ತಾವು ಸಮ ಮಾಡಿ ಬಂದ ರಸ್ತೆಯನ್ನು ಒಮ್ಮೆ ನೋಡುತ್ತಾರೆ. ಕೋರ್ಟಿನಲ್ಲಿ ಸೋತರೆ ಏನು ಮಾಡುತ್ತೀರಿ ಎಂದರೆ ಭುಜ ಕುಣಿಸುತ್ತಾರೆ. "ಮತ್ತೆ ಹೋಗಿ ಕೇಳ್ತೀವಿ. ಕೇಳೋದು ನಮಗೇನು ಹೊಸದಲ್ಲ."

ಇನ್ನೆರಡು ಚಳಿಗಾಲ ಕಳೆದರೆ ಅವರಿಗೆ ನಿವೃತ್ತಿ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ನಾಚಿಕೊಂಡು ನಗುತ್ತಾರೆ.

"ಇಷ್ಟು ವರ್ಷ ಈ ದಾರೀಲಿ ನಾನು ಕಂಡಿದ್ದು ಜಲ್ಲಿ, ಗುಂಡಿ, ಚರಂಡಿ. ತಲೆ ಎತ್ತಿದ್ರೆ ಅಲಗು ಸೊಟ್ಟ ಹೋಗುತ್ತೆ. ರಿಟೈರ್ ಆದ ವರ್ಷ ಲೇಲ್ಯಾಂಡ್ ಗಾಡೀಲಿ ಪಕ್ಕದ ಸೀಟಲ್ಲಿ ಕೂತು ಬರ್ತೀನಿ. ಕಿಟಕಿ ಇಳಿಸಿ, ಬರೀ ಬೆಟ್ಟ ನೋಡ್ಕೊಂಡು."