ಗೋಡೆ ಬಿಟ್ಟು ಬಂದ ಬಲಿಪೀಠ

ಆ ಬೀದಿಗೆಲ್ಲ ಆಕೆ ಅತ್ತಿಗೆಯೇ. ಮದುವೆಯಾಗಿ ಬಂದ ಹೊಸತರಲ್ಲಿ ನಾದಿನಿ ಹಾಗೆ ಕರೆದಳು, ಅಕ್ಕಪಕ್ಕದವರು ಕಲಿತರು. ಕೊನೆಗೆ ಚರ್ಚಿನ ಫಾದರ್ ಕೂಡ ಒಮ್ಮೆ ಬಾಯಿತಪ್ಪಿ ‘ಅತ್ತಿಗೆಯವರೇ’ ಎಂದು ತಾವೇ ನಾಚಿಕೊಂಡರು.

ಫಾದರ್ ಪೂಜೆ ಮಾಡುವ ಕಲ್ಲಿನ ಬಲಿಪೀಠದ ಹಾಸುಬಟ್ಟೆ ನೋಡಿಕೊಳ್ಳುವುದು ಅತ್ತಿಗೆಯ ಕೆಲಸ. ಒಗೆದು, ತೆಳುವಾಗಿ ಗಂಜಿ ಹಾಕಿ, ತೇವ ಆರುವ ಮೊದಲೇ ಇಸ್ತ್ರಿ ಮಾಡಬೇಕು. ಮಡಿಸುವಂತಿಲ್ಲ, ಮಡಿಸಿದರೆ ಗೆರೆ ಬೀಳುತ್ತದೆ. ನುಣುಪಾದ ಕೋಲಿಗೆ ಸುತ್ತಿಟ್ಟು, ಭಾನುವಾರ ಪೂಜೆಗೆ ಮೊದಲು ಹೋಗಿ ಹಾಸಬೇಕು. ಬಲಿಪೀಠ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಎಡತುದಿಯಿಂದ ಕೋಲು ಉರುಳಿಸುತ್ತ ಹೋದರೆ ಬಟ್ಟೆ ನಿದ್ದೆಗಣ್ಣಿನ ಮಗುವಿನಂತೆ ತಾನಾಗಿ ಮಲಗುತ್ತಿತ್ತು. ಗಂಡ ತೀರಿಕೊಂಡ ವಾರವೂ ಆಕೆ ಅದನ್ನು ತಪ್ಪಿಸಲಿಲ್ಲ.

ಈಚೆಗೆ ಕಣ್ಣು ಮಂಜಾಗಿತ್ತು. ಮೊದಲು ಸೂಜಿಯ ತೂತು ಮರೆಯಾಯಿತು, ಆಮೇಲೆ ಎದುರು ಬಂದವರ ಮುಖ. ಯಾರಿಗೂ ಹೇಳಲಿಲ್ಲ. ಹೇಳಿದರೆ ಫಾದರ್ ಮೆತ್ತಗೆ, “ಸಾಕು, ಇನ್ನು ವಿಶ್ರಾಂತಿ ತಗೊಳ್ಳಿ” ಎನ್ನುತ್ತಾರೆ. ಆ ಮೆತ್ತನೆಯ ಮಾತಿಗೇ ಆಕೆಗೆ ಭಯ. ಬೆರಳಿಗೆ ಹಾಸಿನ ಅಂಚು ಗೊತ್ತಿತ್ತು, ಕಾಲಿಗೆ ದಾರಿ ಗೊತ್ತಿತ್ತು. ಹೇಗೋ ನಡೆಯುತ್ತಿತ್ತು.

ಒಂದೇ ಮನೆಯಲ್ಲಿದ್ದ ನಾದಿನಿಗೆ ಮಾತ್ರ ಅನುಮಾನ. “ಅತ್ತಿಗೆ, ಕಣ್ಣು ತೋರಿಸ್ಕೋ. ನಿನ್ನೆ ನೀನು ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದ್ದೆ.”

“ನಿನ್ನ ಬಾಯಿಗೆ ಅದೇ ಬೇಕಿತ್ತು, ಹಾಕ್ದೆ.”

ಅಷ್ಟರಲ್ಲಿ ಫಾದರ್ ಬಲಿಪೀಠವನ್ನು ಮುಂದಕ್ಕೆ ತರಿಸಿದರು. ಇನ್ನು ಅವರು ಗೋಡೆ ನೋಡುತ್ತಲ್ಲ, ಪೀಠದ ಹಿಂದೆ ನಿಂತು ಜನರ ಮುಖ ನೋಡುತ್ತ ಪೂಜೆ ಮಾಡುತ್ತಾರಂತೆ. ಅತ್ತಿಗೆ ಕೇಳಿಸಿಕೊಂಡಳು, ತಲೆಯಾಡಿಸಿದಳು. ಆದರೆ ಕಾಲಿಗೆ ಯಾರು ಹೇಳಬೇಕು?

ಭಾನುವಾರ ಚರ್ಚಿನ ಪಕ್ಕದ ಕೋಣೆಯಿಂದ ಬಂದವಳೇ ರೂಢಿಯಂತೆ ಗೋಡೆಗುಂಟ ನಡೆದು ಹಳೆಯ ಜಾಗದಲ್ಲೇ ನಿಂತಳು. ಹಾಸಿನ ತುದಿ ಬಿಟ್ಟು ಕೋಲು ಉರುಳಿಸಿದಳು. ಕೈಗೆ ಕಲ್ಲಿನ ತಂಪು ತಾಗಲಿಲ್ಲ. ಬಟ್ಟೆಯೆಲ್ಲ ಸರ್ರನೆ ನೆಲಕ್ಕಿಳಿಯಿತು.

ಹಾಡುವವರ ಬೆಂಚು ಒರೆಸುತ್ತಿದ್ದ ನಾದಿನಿ ನಕ್ಕಳು. “ಏನತ್ತಿಗೆ, ಗೋಡೆಗೆ ಸೀರೆ ಉಡಿಸ್ತಿದ್ದೀಯಾ?”

ಹತ್ತಿರ ಬಂದು ನೋಡಿದರೆ ಅತ್ತಿಗೆ ಮೊಣಕಾಲೂರಿ, ಪಕ್ಕದಲ್ಲೇ ಬಿದ್ದಿದ್ದ ಬಟ್ಟೆಯನ್ನು ಬೇರೆಲ್ಲೋ ತಡಕುತ್ತಿದ್ದಳು.

“ಕಾಣಲ್ಲ ಕಣೇ,” ಎಂದಳು. “ಫಾದರ್‌ಗೆ ಹೇಳ್ಬೇಡ. ಇದೊಂದನ್ನ ನನ್ನಿಂದ ಬಿಡಿಸ್ಬೇಡ.”

ಇಷ್ಟು ದಿನ ನಾಲಿಗೆಯ ತುದಿಯಲ್ಲಿದ್ದ ಬೈಗುಳ ನಾದಿನಿಗೆ ಈಗ ಒಂದೂ ನೆನಪಾಗಲಿಲ್ಲ. ಹಾಸನ್ನು ಕೊಡವಿ, ಅತ್ತಿಗೆಯ ಮೊಣಕೈ ಹಿಡಿದು ಕರೆತಂದು, ಅಂಗೈಯನ್ನು ಪೀಠದ ಕಲ್ಲಿನ ಮೇಲಿಟ್ಟಳು. ತಾನು ಸುತ್ತಿ ಆಚೆ ಬದಿಗೆ ಹೋದಳು. ಈವರೆಗೆ ಗೋಡೆಯಿದ್ದ ಆ ಬದಿಯಲ್ಲಿ ಈಗ ಒಬ್ಬರು ನಿಲ್ಲುವಷ್ಟು ಜಾಗವಿತ್ತು.

“ಹಿಡ್ಕೋ. ಈ ಅಂಚು ನನ್ನ ಹತ್ರ ಇದೆ.”

ಅಷ್ಟರಲ್ಲಿ ಫಾದರ್ ಬಂದರು. “ಇವತ್ತೇನು ಇಬ್ಬಿಬ್ಬರು?”

ನಾದಿನಿ ಏನೋ ಸುಳ್ಳು ಹೊಸೆಯುವ ಮೊದಲೇ ಅತ್ತಿಗೆ ಹೇಳಿಬಿಟ್ಟಳು. “ನಂಗೆ ಕಣ್ಣು ಕಾಣಲ್ಲ ಫಾದರ್.”

ಫಾದರ್ ಆಕೆಯ ಕೈಗಳನ್ನೇ ನೋಡಿದರು. ನಾದಿನಿಗೆ ತಡೆಯಲಾಗಲಿಲ್ಲ. “ನಾಳೆ ನಾನೇ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತೀನಿ. ಆದ್ರೆ ಪೀಠಾನ ನಡುವೆ ತಂದು ನಿಲ್ಲಿಸಿದವರು ನೀವು. ಎರಡು ಕಡೆ ಹಿಡಿಯೋಕೆ ಈಗ ಇಬ್ಬರು ಬೇಕೇ ಬೇಕು. ನಾವಿಬ್ರೂ ಬರ್ತೀವಿ.”

“ಬನ್ನಿ,” ಎಂದರು ಫಾದರ್. “ಇಬ್ಬರೂ ಬನ್ನಿ, ಪ್ರತಿ ವಾರ,” ಎಂದು ಮೇಣದಬತ್ತಿ ತರಲು ಒಳಗೆ ಹೋದರು.

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅಂಚಿನುದ್ದಕ್ಕೂ ಬೆರಳಾಡಿಸಿ, “ನನ್ನ ಕಡೆ ಜಾಸ್ತಿ ಇಳಿದಿದೆ. ಎಳಿ,” ಎಂದಳು.

“ಎಳೀತಾನೇ ಇದ್ದೀನಲ್ಲ!”

“ಹರಿಯೋ ಹಾಗಲ್ಲ ತಾಯಿ, ಮೆಲ್ಲಗೆ.”